ನೆಲ ಸೋಕದ ಶೂ

ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ‘ಟವೆಲ್’ ಎಂದು ಕರೆದರೆ ಅವನ ಮನಸ್ಸಿಗೆ ಹೇಗಾಗಬೇಡ, ನೀವೇ ಹೇಳಿ. ನಮ್ಮ ಕನ್ನಡಕದಂಗಡಿಯ ಯಜಮಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಅಂಗಡಿಯ ಬೋರ್ಡಿನ ಮೇಲೆ ಅದನ್ನು ಕಣ್ಣು ಮಂಜಾದವರಿಗೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಬರೆಸಿದ್ದಾರೆ. ಆದರೂ ಕಾಲೇಜಿನ ಹಳೆಯ ಗೆಳೆಯನೊಬ್ಬ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದರೆ ಸಾಕು, “ಏ ಟವೆಲ್, ಹೇಗಿದ್ದೀಯೋ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ಅಂಗಡಿಯೊಳಗಿನ ಗಿರಾಕಿಗಳು ತಿರುಗಿ ನೋಡುತ್ತಾರೆ. ಯಜಮಾನರು ಕೈಯಲ್ಲಿದ್ದ ಫ್ರೇಮಿನ ಸ್ಕ್ರೂ ಬಿಗಿ ಮಾಡುತ್ತ, ಕೂಗಿದ್ದು ಪಕ್ಕದ ಅಂಗಡಿಯವನನ್ನು ಎಂಬಂತೆ ಮುಖ ಮಾಡಿಕೊಳ್ಳುತ್ತಾರೆ.

ಆ ಹೆಸರು ಬಂದದ್ದು ಹೀಗೆ. ಕಾಲೇಜಿನ ದಿನಗಳಲ್ಲಿ ಯಜಮಾನರು ಬಾಸ್ಕೆಟ್‌ಬಾಲ್ ತಂಡದಲ್ಲಿದ್ದರು. (ತಂಡದಲ್ಲಿದ್ದರು ಎಂದೆ. ಆಡಿದರು ಎನ್ನಲಿಲ್ಲ. ಗಮನಿಸಿ.) ಪ್ರತಿ ಪಂದ್ಯಕ್ಕೂ ಬನಿಯನ್ ಇಸ್ತ್ರಿ ಮಾಡಿಸಿಕೊಂಡು ಎಲ್ಲರಿಗಿಂತ ಮೊದಲು ಬಂದು ಅಂಗಳದ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದರು. ಕ್ಯಾಪ್ಟನ್ ಅವರ ಬೆನ್ನು ತಟ್ಟಿ, “ನೀನು ಕೂತಿರು, ಬೇಕಾದಾಗ ಕರೀತೀನಿ” ಎನ್ನುತ್ತಿದ್ದ. ಮಾತಿಗೆ ತಪ್ಪಿದವನಲ್ಲ, ಕರೆಯುತ್ತಲೂ ಇದ್ದ. ಕರೆದದ್ದು ಬೆವರು ಒರೆಸಿಕೊಳ್ಳಲು ಟವೆಲ್ ಬೇಕಾದಾಗ. ಹೀಗೆ ನಮ್ಮ ಯಜಮಾನರು ಮೂರು ವರ್ಷದ ಕ್ರೀಡಾಜೀವನವನ್ನು ಹೆಗಲ ಮೇಲೆ ಟವೆಲ್ ಹೊತ್ತು, ಚೆಂಡನ್ನು ಒಮ್ಮೆಯೂ ಮುಟ್ಟದೆ, ನಿಷ್ಕಳಂಕವಾಗಿ ಮುಗಿಸಿದರು.

ತಮಗೆ ಯಾಕೆ ಆಡಲಾಗಲಿಲ್ಲ ಎಂಬುದಕ್ಕೆ ಅವರು ಆಗಲೇ ಕಾರಣ ಕಂಡುಹಿಡಿದಿದ್ದರು. ಕಾರಣ ಕ್ಯಾಪ್ಟನ್ನನ ಶೂ. ಬಿಳಿ ಚರ್ಮದ, ಕಾಲಿನ ಗಿಣ್ಣನ್ನೂ ಮುಚ್ಚುವಷ್ಟು ಎತ್ತರದ, ಕೊರಳಿನ ಸುತ್ತ ಕೆಂಪು ಪಟ್ಟಿಯಿದ್ದ ಶೂ. ಅದನ್ನು ಹಾಕಿಕೊಂಡು ಅವನು ಹಾರಿದರೆ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಯಜಮಾನರ ಕಾಲಲ್ಲಿದ್ದದ್ದು ತೆಳ್ಳಗಿನ ಕ್ಯಾನ್ವಾಸ್. ಅದರಲ್ಲಿ ಹಾರಿದರೆ ಇಳಿಯುವಾಗ ನೆಲದ ಒಂದೊಂದು ಕಲ್ಲೂ ಹಿಮ್ಮಡಿಯನ್ನು ಮಾತಾಡಿಸುತ್ತಿತ್ತು. ‘ಆ ಶೂ ಒಂದು ನನ್ನ ಕಾಲಲ್ಲಿದ್ದಿದ್ದರೆ!’ ಎಂಬ ಉದ್ಗಾರ ಅವರ ಎದೆಯೊಳಗೆ ಕೂತುಬಿಟ್ಟಿತು. ಮದುವೆಯಾಯಿತು, ಅಂಗಡಿಯಾಯಿತು, ತಲೆಯ ನಡುವೆ ಬಯಲಾಯಿತು. ಉದ್ಗಾರ ಮಾತ್ರ ಎದ್ದು ಹೋಗಲಿಲ್ಲ.

ಈಗ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಕೂಟ ಸೇರುತ್ತದೆ, ಅಲ್ಲಿ ಹಳೆಯ ತಂಡದವರೇ ಎರಡು ಪಂಗಡವಾಗಿ ಪಂದ್ಯ ಆಡುತ್ತಾರೆ ಎಂಬುದು ಒಂದು. ಆ ಕೆಂಪು ಪಟ್ಟಿಯ ಶೂವನ್ನು ಅದರ ಕಂಪನಿ ಮತ್ತೆ ತಯಾರಿಸಿದೆ ಎಂಬುದು ಇನ್ನೊಂದು. ಹೊರಗೆ ಅದೇ ಹಳೆಯ ರೂಪ, ಒಳಗೆ ಎಲ್ಲ ಹೊಸತು. ಯಜಮಾನರು ಅಂಗಡಿಗೆ ಬೀಗ ಜಡಿದು, ಆಸ್ಪತ್ರೆಯಿಂದ ಆಗ ತಾನೇ ಮನೆಗೆ ಬಂದಿದ್ದ ಹೆಂಡತಿಯನ್ನು ಕೂರಲೂ ಬಿಡದೆ ಹೊರಡಿಸಿದರು.

ಹೆಂಡತಿ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ ಕಾಲ ಮೇಲೆಯೇ ಇರುವ ಕೆಲಸ. ರೋಗಿಗಳು, ಸಣ್ಣ ಡಾಕ್ಟರುಗಳು, ಲಿಫ್ಟಿನವನು, ಎಲ್ಲರೂ ಆಕೆಯನ್ನು ಕಂಡರೆ ನೆಟ್ಟಗೆ ನಿಲ್ಲುತ್ತಾರೆ. ಬಗ್ಗದಿದ್ದುದು ಆಕೆಯ ಹಿಮ್ಮಡಿ ನೋವು ಒಂದೇ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ “ಅಮ್ಮಾ” ಎನ್ನುವುದು ಆ ಮನೆಯಲ್ಲಿ ಅಲಾರಾಂ ಆಗಿಹೋಗಿತ್ತು. ಯಜಮಾನರು ಅದನ್ನು ಕೇಳಿಯೇ ಏಳುತ್ತಿದ್ದರು. ಎದ್ದು ಹಲ್ಲುಜ್ಜಲು ಹೋಗುತ್ತಿದ್ದರು.

ಶೂ ಅಂಗಡಿಯ ಹುಡುಗಿ ಡಬ್ಬಿ ತೆರೆದಳು. ಯಜಮಾನರ ಕಣ್ಣು ತುಂಬಿ ಬಂತು.

“ಸಾರ್, ಹಳೇ ಮಾಡೆಲ್‌ನಲ್ಲಿ ಅಟ್ಟೆ ಹಲಗೆ ಥರ ಗಟ್ಟಿ ಇತ್ತಂತೆ. ಇದರಲ್ಲಿ ಒಳಗಡೆ ಮೆತ್ತನೆ ಫೋಮ್ ಕೊಟ್ಟಿದ್ದಾರೆ. ಗಿಣ್ಣಿನ ಹತ್ರ ದಿಂಬು ಇಟ್ಟ ಹಾಗೆ ಇರುತ್ತೆ, ಉಜ್ಜಲ್ಲ. ಮುಂದುಗಡೆ ಬೆರಳಿಗೆ ಜಾಗ ಜಾಸ್ತಿ. ತೂಕಾನೂ ಅರ್ಧ. ನಿಮ್ಮ ಅಳತೆಯಲ್ಲಿ ಇದೊಂದೇ ಜೊತೆ ಉಳಿದಿರೋದು. ಹಾಕ್ಕೊಂಡು ನೋಡಿ.”

“ನಾನು ಹಾಕ್ಕೊಂಡ್ರೆ ನನಗೆ ಹೇಗೆ ಕಾಣುತ್ತೆ?” ಎಂದರು ಯಜಮಾನರು. ಕನ್ನಡಕದ ವ್ಯಾಪಾರದಲ್ಲಿ ಪಳಗಿದ ಬುದ್ಧಿ. ಫ್ರೇಮು ಹೇಗಿದೆ ಎಂದು ಎದುರು ನಿಂತವರೇ ಹೇಳಬೇಕು ಎಂಬುದು ಅವರ ವೃತ್ತಿಧರ್ಮ. “ನೋಡೇ, ನೀನು ಹಾಕ್ಕೊಂಡು ಆ ಗೋಡೆ ತನಕ ಹೋಗಿ ಬಾ. ನಾನು ದೂರದಿಂದ ನೋಡ್ತೀನಿ.”

ಗಂಡ ಹೆಂಡತಿಯರ ಪಾದದ ಅಳತೆ ಒಂದೇ ಎಂಬುದನ್ನು ಇಲ್ಲಿ ಹೇಳಬೇಕು. ಆಕೆ ತುಸು ಎತ್ತರದ ಹೆಣ್ಣು, ಇವರು ತುಸು ಗಿಡ್ಡ. ಮದುವೆಯಾದ ಹೊಸತರಲ್ಲಿ ಅದೊಂದು ಪ್ರೇಮದ ಮಾತಾಗಿತ್ತು. ಆಮೇಲೆ ಬಾತ್‌ರೂಮ್ ಚಪ್ಪಲಿಯ ಜಗಳವಾಯಿತು.

ಹೆಂಡತಿ ಶೂ ಹಾಕಿಕೊಂಡಳು. ಎದ್ದು ನಿಂತಳು. ಗೋಡೆಯ ತನಕ ನಡೆದಳು. ಬರಬೇಕಾದವಳು ಬರಲಿಲ್ಲ. ಇನ್ನೊಂದು ಗೋಡೆಯ ಕಡೆಗೆ ನಡೆದಳು. ಚಪ್ಪಲಿಗಳ ಸಾಲನ್ನು ಸುತ್ತಿ, ಮಕ್ಕಳ ಬೂಟುಗಳ ಹಿಂದೆ ಮಾಯವಾಗಿ, ಮೆಟ್ಟಿಲ ಹತ್ತಿರ ಕಾಣಿಸಿಕೊಂಡಳು.

“ಸಾಕು, ಬಾರೇ!” ಎಂದರು ಯಜಮಾನರು.

“ರೀ,” ಎಂದಳು ಹೆಂಡತಿ, ಬೆರಗಾದ ದನಿಯಲ್ಲಿ, “ನನಗೆ ಹಿಮ್ಮಡಿ ಇದೆ ಅಂತಾನೇ ಗೊತ್ತಾಗ್ತಿಲ್ಲ ರೀ.”

“ಹೇಗೆ ಕಾಣುತ್ತೆ ಅಂತ ನಾನು ನೋಡಿದ್ದಾಯ್ತು. ಬಿಚ್ಚು, ಬಿಚ್ಚು. ಮುಂಭಾಗ ಸುಕ್ಕು ಬೀಳುತ್ತೆ.”

ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡರು ಅವರು.

ಮನೆಗೆ ಬಂದಮೇಲೆ ಪಾದರಕ್ಷೆಗಳ ಪಟ್ಟಾಭಿಷೇಕ ನಡೆಯಿತು. ಹಾಲ್‌ನಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು. ಅದರಲ್ಲಿ ಹೆಂಡತಿ ಮದುವೆಯಲ್ಲಿ ಬಂದ ಪಿಂಗಾಣಿ ಬಟ್ಟಲುಗಳನ್ನು ಇಟ್ಟಿದ್ದಳು. ಯಜಮಾನರು ಬಟ್ಟಲುಗಳನ್ನು ಅಡುಗೆಮನೆಗೆ ಗಡೀಪಾರು ಮಾಡಿ, ನಡುವಿನ ಅರೆಯಲ್ಲಿ ಅಂಗಡಿಯ ಮೆತ್ತನೆಯ ಲೆನ್ಸ್ ಬಟ್ಟೆ ಹಾಸಿ, ಅದರ ಮೇಲೆ ಶೂಗಳನ್ನು ಪ್ರತಿಷ್ಠಾಪಿಸಿದರು. ಪಂದ್ಯದ ದಿನದವರೆಗೆ ಇವು ನೆಲ ಸೋಕಕೂಡದು ಎಂದು ಘೋಷಿಸಿದರು.

ಸೋಫಾದ ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡರು. (ಮಗನೇ ಮಾಡಿಕೊಟ್ಟ ಕನ್ನಡಕ. ಅದು ಬಂದಂದಿನಿಂದ ಅವರಿಗೆ ಕಾಣಬಾರದ್ದೆಲ್ಲ ಕಾಣುತ್ತಿತ್ತು.)

“ಶೂ ಇರೋದು ನಡೆಯೋಕೋ, ನೋಡೋಕೋ?” ಎಂದರು.

“ಅಮ್ಮಾ, ನಿನಗೆ ಇದೆಲ್ಲ ಅರ್ಥ ಆಗಲ್ಲ. ಇದು ಸಾಧಾರಣ ಶೂ ಅಲ್ಲ, ಇದೊಂದು ಕಾಲಘಟ್ಟ.”

“ಕಾಲಿಗೆ ಹಾಕ್ಕೊಳ್ಳದ ಕಾಲಘಟ್ಟ,” ಎಂದು ತಾಯಿ ಹೆಣಿಗೆಗೆ ಮರಳಿದರು.

ಹೆಂಡತಿ ಆಗ ಇವರ ಒಗೆಯಬೇಕಾದ ಕಾಲುಚೀಲಗಳನ್ನು ಉಂಡೆ ಕಟ್ಟುತ್ತಿದ್ದಳು. ಕಟ್ಟಿದ ಉಂಡೆಯನ್ನು ನೋಡದೆಯೇ ಹಿಂದಕ್ಕೆ ಎಸೆದಳು. ಅದು ಹಾಲ್ ದಾಟಿ, ಬಾಗಿಲು ದಾಟಿ, ಬಚ್ಚಲಿನ ಮುಂದಿನ ಬಟ್ಟೆ ಬುಟ್ಟಿಯೊಳಗೆ ಬಿತ್ತು. ಆಸ್ಪತ್ರೆಯಲ್ಲಿ ಮಾಸಿದ ಹೊದಿಕೆಗಳನ್ನು ಮಂಚದ ಪಕ್ಕದಿಂದಲೇ ತಳ್ಳುಗಾಡಿಗೆ ಎಸೆದು ಎಸೆದು ಬಂದ ಕೈ ಅದು. ಗುರಿ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಎಸೆಯೋ ಕ್ರಮ ಅದಲ್ಲ ಕಣೇ,” ಎಂದರು ಯಜಮಾನರು. “ಮೊಣಕೈ ಎದೆಯ ಮಟ್ಟಕ್ಕೆ ಬರಬೇಕು. ಮಣಿಕಟ್ಟು ಹಂಸದ ಕತ್ತಿನ ಹಾಗೆ ಬಾಗಬೇಕು.”

“ಬುಟ್ಟಿಗೆ ಬಿತ್ತಲ್ಲ?”

“ಬೀಳೋದು ಮುಖ್ಯ ಅಲ್ಲ, ಶೈಲಿ ಮುಖ್ಯ.”

ಹೆಂಡತಿ ಇನ್ನೊಂದು ಉಂಡೆ ಎಸೆದಳು. ಅದೂ ಬಿತ್ತು.

ಆಮೇಲೊಂದು ದಿನ ಆಕೆ ನೇರವಾಗಿಯೇ ಕೇಳಿದಳು. “ರೀ, ನನ್ನ ಬಿಳಿ ಶೂ ಅಟ್ಟೆ ಬಾಯಿ ಬಿಟ್ಟಿದೆ. ಹೊಸದು ತಗೊಳ್ಳೋ ತನಕ ನಿಮ್ಮದನ್ನ ಒಂದೆರಡು ದಿನ ಹಾಕ್ಕೊಂಡು ಹೋಗ್ಲಾ? ಬಿಳೀದೇ ಇದೆ, ವಾರ್ಡಿಗೆ ನಡೆಯುತ್ತೆ.”

ಯಜಮಾನರು ಕಪಾಟಿನ ಮುಂದೆ ಎರಡೂ ಕೈ ಚಾಚಿ ನಿಂತರು. “ಆಸ್ಪತ್ರೆಗಾ? ಔಷಧಿ ಚೆಲ್ಲುತ್ತೆ, ಟ್ರಾಲಿ ಉಜ್ಜುತ್ತೆ! ನಿನಗೆ ಮನಸ್ಸಾದ್ರೂ ಹೇಗೆ ಬಂತೇ?”

“ಕಾಲು ನೋಯುತ್ತೆ, ಅದಕ್ಕೆ ಬಂತು.”

“ಕಾಲು ಎಲ್ಲರಿಗೂ ನೋಯುತ್ತೆ. ಪಂದ್ಯ ಒಂದು ಸಲ ಬರುತ್ತೆ.”

ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು. ಮರುದಿನ ಯಜಮಾನರು ಅಂಗಡಿಗೆ ಹೊರಟು ಬೀದಿಯ ತಿರುವು ದಾಟಿದ ಮೇಲೆ ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ನಾನು ಹೇಳುವುದಿಲ್ಲ. ನಿಮಗೆ ಅರ್ಥವಾಗಿರಬೇಕು. ಅರ್ಥವಾಗಬೇಕಾದವರಿಗೆ ಅರ್ಥವಾಗಲಿಲ್ಲ, ಅಷ್ಟೆ.

ದಿನಾ ಸಂಜೆ ಅಂಗಡಿಯಿಂದ ಬಂದು ಯಜಮಾನರು ಶೂಗಳ ತಪಾಸಣೆ ಮಾಡುತ್ತಿದ್ದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಕನ್ನಡಿ ಹಾಕಿಕೊಂಡು, ಮೇಲೆ ಕೆಳಗೆ ತಿರುಗಿಸಿ, ಮೂಸಿ, ಮತ್ತೆ ಇಡುತ್ತಿದ್ದರು. ಭಾನುವಾರ ಮಾತ್ರ ಧರಿಸುತ್ತಿದ್ದರು. ಎಲ್ಲಿ ಎನ್ನುತ್ತೀರಾ? ಹಾಸಿಗೆಯ ಮೇಲೆ. ನೆಲ ಸೋಕಕೂಡದಲ್ಲ! ಮಂಚದ ಮೇಲೆ ಹೊಸ ಚಾದರ ಹಾಸಿ, ಅದರ ಮೇಲೆ ಶೂ ಹಾಕಿ ನಿಂತು, ತಲೆ ಫ್ಯಾನಿಗೆ ತಗಲದಂತೆ ಬಗ್ಗಿ, ಮೆಲ್ಲಗೆ ಒಂದೆರಡು ಹೆಜ್ಜೆ ಇಡುತ್ತಿದ್ದರು.

ಮತ್ತು ಅದ್ಭುತಗಳು ಒಂದೊಂದಾಗಿ ನಡೆಯತೊಡಗಿದವು.

“ನೋಡೇ ಇಲ್ಲಿ!” ಎಂದು ಕೂಗಿದರು ಒಂದು ಭಾನುವಾರ, ಮಂಚದ ಮೇಲಿಂದ. “ಮೊದಲ ವಾರ ಬೆರಳಿನ ಹತ್ರ ಬಿಗಿ ಇತ್ತು, ಈಗ ಇಲ್ಲ. ಚರ್ಮ ರೇಷ್ಮೆ ಆಗಿದೆ. ಹಾಕ್ಕೊಳ್ಳದೇನೇ ಹದವಾಗ್ತಿದೆ ಕಣೇ! ತಾನಾಗಿಯೇ!”

“ಹೌದಾ?” ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

“ಇದೇ ಈ ಕಾಲದ ತಂತ್ರಜ್ಞಾನ. ಈ ಫೋಮ್ ಇದೆಯಲ್ಲ, ಅದು ಯಜಮಾನನ ಪಾದವನ್ನ ನೆನಪಿಟ್ಕೊಂಡು, ಕಪಾಟಲ್ಲಿ ಕೂತಲ್ಲೇ ಹೊಂದಿಕೊಳ್ಳುತ್ತೆ.”

“ಯಜಮಾನನ ಪಾದ ಯಾವುದು ಅಂತ ಅದಕ್ಕೆ ಗೊತ್ತಿರುತ್ತೆ ಬಿಡಿ,” ಎಂದಳು ಹೆಂಡತಿ. ಸೋಫಾದ ಮೂಲೆಯಲ್ಲಿ ತಾಯಿಗೆ ಜೋರು ಕೆಮ್ಮು ಬಂತು.

ಆ ಶೂಗಳಿಗೆ ಧೂಳು ಅಂಟುತ್ತಿರಲಿಲ್ಲ. ತಂದ ದಿನಕ್ಕಿಂತ ಬೆಳ್ಳಗಾಗುತ್ತಿದ್ದವು. ಒಂದು ಬಗೆಯ ಚುರುಕು ವಾಸನೆ ಬೇರೆ. ಉತ್ತಮ ಚರ್ಮದ ಪರಿಮಳ ಹೀಗೇ ಇರುತ್ತದೆ ಎಂದು ಅವರು ಕಣ್ಣು ಮುಚ್ಚಿ ಆಸ್ವಾದಿಸಿದರು. (ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ತೋಳಿಗೆ ಹಚ್ಚುವ ಸ್ಪಿರಿಟ್ ನೆನಪಿಸಿಕೊಳ್ಳಿ. ಆ ವಾಸನೆ.) ಅಟ್ಟೆಯ ಗೀರುಗಳು ತುಸು ನಯವಾದಂತೆ ಕಂಡಾಗ ಅರೆಗಳಿಗೆ ಹುಬ್ಬು ಗಂಟಿಕ್ಕಿದರು. ‘ಹವಾಮಾನ’ ಎಂದು ಸಮಾಧಾನ ಮಾಡಿಕೊಂಡರು. ಎಡಗಾಲಿನ ಶೂವಿನ ನಾಲಿಗೆಯ ಮೇಲೆ, ಕೆಂಪು ಪಟ್ಟಿಯ ಕೆಳಗೆ, ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಯೊಂದು ಭೂತಕನ್ನಡಿಯಲ್ಲಿ ಕಂಡ ದಿನವಂತೂ ಕುಣಿದಾಡಿಬಿಟ್ಟರು.

“ಇದು ಗುರುತು! ಕೈಯಲ್ಲಿ ಮಾಡಿದ ಅಸಲಿ ಮಾಲಿಗೆ ಕುಶಲಕರ್ಮಿ ಇಡೋ ಗುಪ್ತ ಗುರುತು! ಬೇರೆಯವರಿಗೆ ಇದೆಲ್ಲ ಕಾಣಲ್ಲ. ನನ್ನ ಕಣ್ಣು ಅಂದ್ರೆ ಏನಂದುಕೊಂಡೆ?”

“ನಿಮ್ಮ ಕಣ್ಣಿಗೆ ಕಾಣದ್ದು ಏನಿದೆ ಹೇಳಿ,” ಎಂದಳು ಹೆಂಡತಿ.

ಅಂಗಡಿಗೆ ಬಂದವರಿಗೆಲ್ಲ ಶೂ ಪುರಾಣ. ಅಕ್ಷರದ ಹಲಗೆ ಓದಲು ಕೂತ ಮುದುಕರೊಬ್ಬರಿಗೆ, ಕೆಳಗಿನ ಸಾಲು ಓದುವ ಮೊದಲು, ಫೋಮಿನ ಸ್ಮರಣಶಕ್ತಿಯ ಬಗ್ಗೆ ಉಪನ್ಯಾಸವಾಯಿತು. ಅವರು ಕೆಳಗಿನ ಸಾಲು ಓದದೆಯೇ ಎದ್ದು ಹೋದರು. ಮನೆಯಲ್ಲಿ ಬೆಳಗಿನ “ಅಮ್ಮಾ” ನಿಂತುಹೋಗಿ ಎಷ್ಟೋ ದಿನವಾಗಿತ್ತು. ಹೆಂಡತಿ ಹಾಡಿನ ಎಳೆಯೊಂದನ್ನು ಗುನುಗುತ್ತ ಹಾಸಿಗೆಯಿಂದ ಇಳಿಯುತ್ತಿದ್ದಳು. ಯಜಮಾನರು ಒಂದೆರಡು ಸಲ ತಡವಾಗಿ ಎದ್ದರು. ಯಾಕೆ ತಡವಾಯಿತು ಎಂದು ಅವರು ಯೋಚಿಸಲಿಲ್ಲ.

ಪಂದ್ಯದ ದಿನ ಬಂತು. ಶೂ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಯಜಮಾನರು ಕಾಲೇಜಿಗೆ ಬಂದರು. ಜೊತೆಯಲ್ಲಿ ಹೆಂಡತಿ, ತಾಯಿ. ವಯಸ್ಸಾದವರು ಓಡಾಡುವ ಆಟ ಎಂದು ಸಂಘಟಕರು ಆಸ್ಪತ್ರೆಯಿಂದ ಪ್ರಥಮ ಚಿಕಿತ್ಸೆಗೆ ಒಬ್ಬ ಕಿರಿಯ ನರ್ಸನ್ನೂ ಕರೆಸಿದ್ದರು. ಹೆಂಡತಿಯ ವಾರ್ಡಿನ ಹುಡುಗಿಯೇ. ಅಂಗಳದ ಮೂಲೆಯಲ್ಲಿ ಬ್ಯಾಂಡೇಜು, ಮುಲಾಮು ಹರಡಿಕೊಂಡು ಕಾಯುತ್ತಿದ್ದಳು.

ಕ್ಯಾಪ್ಟನ್ ಈಗ ವಕೀಲ. ಹೊಟ್ಟೆ ಅವನಿಗಿಂತ ಮೊದಲು ಅಂಗಳಕ್ಕೆ ಬಂತು. ಆದರೆ ಎಲ್ಲರ ಕಣ್ಣು ಅವನ ಕಾಲಿನ ಮೇಲೆ. ಹಾಕಿಕೊಂಡಿದ್ದದ್ದು ಅದೇ ಶೂ! ನಕಲಲ್ಲ, ಹೊಸ ಅವತಾರವಲ್ಲ, ಕಾಲೇಜಿನ ದಿನಗಳ ಸಾಕ್ಷಾತ್ ಅದೇ ಜೊತೆ. ಕಾಗದ ಸುತ್ತಿ ಅಟ್ಟದ ಮೇಲೆ ಜೋಪಾನ ಮಾಡಿದ್ದನಂತೆ.

“ಏ ಟವೆಲ್!” ಎಂದ. ಇವರ ಕಾಲನ್ನು ನೋಡಿದ. “ಓಹೋ, ನೀನೂ ತಗೊಂಡೆಯಾ? ಚೆನ್ನಾಗಿದೆ, ಚೆನ್ನಾಗಿದೆ. ಇದು ಹೊಸಬರ ಶೂ ಕಣಯ್ಯ, ಹಾಸಿಗೆ ಥರ ಮೆತ್ತಗೆ. ನಮ್ಮದು ಗಂಡಸರ ಶೂ.” ಬೆನ್ನು ತಟ್ಟಿದ. “ನೀನು ಕೂತಿರು. ಬೇಕಾದಾಗ ಕರೀತೀನಿ.”

ಅದೇ ಮಾತು. ಅದೇ ಬೆಂಚು. ಯಜಮಾನರು ಕೂತರು. ಯಾರೋ ಅಭ್ಯಾಸಬಲದಿಂದ ಅವರ ಹೆಗಲ ಮೇಲೆ ಒಂದು ಟವೆಲ್ಲನ್ನೂ ಹಾಕಿ ಹೋದರು. ಇಷ್ಟು ವರ್ಷ ಕಾದದ್ದು, ಕಪಾಟು ಕಾದದ್ದು, ಫ್ಯಾನಿನ ಕೆಳಗೆ ಬಗ್ಗಿ ಬಗ್ಗಿ ನಡೆದದ್ದು, ಎಲ್ಲ ಈ ಬೆಂಚಿಗೇ ಎಂದು ನೆನೆದು ಅವರಿಗೆ ನಿಜವಾಗಿಯೂ ಅಳು ಬಂತು.

ಪಂದ್ಯ ಶುರುವಾಯಿತು. ಓಡಿದವರಿಗಿಂತ ಏದುಸಿರು ಬಿಟ್ಟವರೇ ಹೆಚ್ಚು. ಹೊಸ ಶೂ ಕೊಂಡು ಅಂದೇ ಹಾಕಿಕೊಂಡು ಬಂದವರೆಲ್ಲ ಹಿಮ್ಮಡಿಯ ಚರ್ಮ ಸುಲಿದು ಒಬ್ಬೊಬ್ಬರಾಗಿ ಕುಂಟತೊಡಗಿದರು. ನರ್ಸ್ ಹುಡುಗಿಗೆ ಪುರುಸೊತ್ತಿಲ್ಲ. ಎರಡೂ ಕಡೆ ಅಂಕ ಸಮನಾಗಿ, ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಕ್ಯಾಪ್ಟನ್ ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗಿದ. ಹಳೆಯ ಕಾಲದ ತನ್ನ ಪ್ರಸಿದ್ಧ ಜಿಗಿತಕ್ಕೆಂದು ಕಾಲನ್ನು ನೆಲಕ್ಕೆ ಊರಿದ.

ಕ್ಯಾಪ್ಟನ್ ಮೇಲೆ ಹೋದ. ಅಟ್ಟೆ ಕೆಳಗೇ ಉಳಿಯಿತು.

ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ರಬ್ಬರು ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಅಂಗಳದಲ್ಲಿ ಹರಡಿತು. ಕೆಳಗಿಳಿದ ಕ್ಯಾಪ್ಟನ್ ಬರೀ ಕಾಲುಚೀಲದಲ್ಲಿ ಅದರ ಮೇಲೆ ಜಾರಿ, ಕೂತು, ಕೂತಲ್ಲಿಯೇ ಒಂದಷ್ಟು ದೂರ ಸಾಗಿದ. ಕಾಲಿಗೆ ಅಂಥ ಪೆಟ್ಟೇನೂ ಆಗಲಿಲ್ಲ. ಹೆಬ್ಬೆರಳು ಮಾತ್ರ ಕಾಲುಚೀಲದಿಂದ ಹೊರಗೆ ಬಂದು ಜನರನ್ನು ನೋಡುತ್ತಿತ್ತು.

“ಟವೆಲ್!” ಎಂದು ಕೂಗಿದ ಕ್ಯಾಪ್ಟನ್.

ಯಜಮಾನರು ಟವೆಲ್ ಹಿಡಿದು ಓಡಿದರು.

“ಅದಲ್ಲ ಮಾರಾಯ! ನೀನು! ನನ್ನ ಬದಲು ನೀನು ಆಡು!”

ಯಜಮಾನರು ಟವೆಲ್ಲನ್ನು ಅವನ ಮುಖದ ಮೇಲೆ ಹಾಕಿ ಅಂಗಳಕ್ಕೆ ಇಳಿದರು. ಶೂಗಳು ನೆಲ ಮುಟ್ಟಿದವು. ಅಬ್ಬಾ! ಅದನ್ನು ಹೇಗೆ ವರ್ಣಿಸಲಿ? ಎಲ್ಲಿಯೂ ಉಜ್ಜಲಿಲ್ಲ, ಎಲ್ಲಿಯೂ ಕಚ್ಚಲಿಲ್ಲ. ಗಿಣ್ಣಿನ ಸುತ್ತ ದಿಂಬು. ಬೆರಳುಗಳು ಒಳಗೆ ಆರಾಮಾಗಿ ಕಾಲು ಚಾಚಿ ಕೂತಿದ್ದವು. ಓಡಿದರೆ ಹಿಮ್ಮಡಿ ನೆಲಕ್ಕೆ ತಾಗಿದ್ದೇ ತಿಳಿಯದು. ವರ್ಷಾನುಗಟ್ಟಲೆ ಹಾಕಿಕೊಂಡ ಮನೆಚಪ್ಪಲಿಯಷ್ಟು ಸಲೀಸು, ಹಿಡಿತ ಮಾತ್ರ ಉಡದ್ದು. ಮಿಕ್ಕವರು ಕುಂಟುತ್ತಿದ್ದರು. ಯಜಮಾನರೊಬ್ಬರೇ ಓಡುತ್ತಿದ್ದರು! ಚೆಂಡು ಯಾರದೋ ಕೈಯಿಂದ ಜಾರಿ ಇವರ ಎದೆಗೆ ಬಂದು ಬಡಿಯಿತು. ಹಿಡಿದರು. ನೆಲಕ್ಕೆ ಬಡಿಯುತ್ತ ಓಡಿದರು. ಕಣ್ಣು ಮುಚ್ಚಿದರು, ಮೊಣಕೈ ಮರೆತರು, ಹಂಸದ ಕತ್ತನ್ನೂ ಮರೆತರು, ಎಸೆದರು.

ಚೆಂಡು ಹಲಗೆಗೆ ತಾಗಿ, ರಿಂಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯೋಚಿಸಿ, ಒಳಗೆ ಬಿತ್ತು. ಸೀಟಿ ಊದಿದರು. ಪಂದ್ಯ ಮುಗಿಯಿತು!

ಜನ ಅವರನ್ನು ಎತ್ತಿಕೊಂಡರು. (ಸ್ವಲ್ಪವೇ ಎತ್ತಿದರು. ಎತ್ತಿದವರಿಗೂ ಸೊಂಟ ಇತ್ತಲ್ಲ.) ತಾಯಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಡತಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಆಕೆಗೆ ಸಿಳ್ಳೆ ಬರುತ್ತದೆಂದು ಯಜಮಾನರಿಗೆ ಗೊತ್ತಾದದ್ದೇ ಅಂದು. ಯಾರೋ ಮೈಕು ಕೈಗೆ ಕೊಟ್ಟರು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖಾಂತವಾಗುತ್ತಿತ್ತು. ಮೈಕು ಸಿಕ್ಕ ಮನುಷ್ಯ ಎಲ್ಲಿಯಾದರೂ ನಿಲ್ಲಿಸುತ್ತಾನೆಯೇ?

“ಗೆಳೆಯರೇ,” ಎಂದರು ಯಜಮಾನರು. “ಈ ಗೆಲುವು ನನ್ನದಲ್ಲ, ಈ ಶೂಗಳದು! ಹಳೆಯ ರೂಪ, ಹೊಸ ಜೀವ! ನೀವೆಲ್ಲ ಇವತ್ತು ಹೊಸ ಶೂ ಹಾಕ್ಕೊಂಡು ಕುಂಟಿದ್ರಿ. ನಾನು ಯಾಕೆ ಕುಂಟಲಿಲ್ಲ? ಯಾಕೆಂದರೆ ಈ ಶೂ ತಾನಾಗಿಯೇ ಹದವಾಗುತ್ತೆ! ಇವತ್ತಿನ ತನಕ ಇದು ನೆಲ ಸೋಕಿಲ್ಲ. ಗಾಜಿನ ಕಪಾಟಿನಲ್ಲಿ ಕೂತೇ ನನ್ನ ಪಾದಕ್ಕೆ ಹೊಂದಿಕೊಂಡಿದೆ. ಇಗೋ, ಅಸಲಿ ಮಾಲಿನ ಗುಪ್ತ ಗುರುತು!” ಎಂದು ಎಡಗಾಲನ್ನು ಎತ್ತಿ ಚುಕ್ಕೆ ತೋರಿಸಿದರು.

ಕ್ಯಾಪ್ಟನ್ನನ ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್ ಹುಡುಗಿ ತಲೆಯೆತ್ತಿದಳು. ಅಂಗಳ ನಿಶ್ಶಬ್ದವಾಗಿದ್ದರಿಂದ ಅವಳ ಮಾತು ಕೊನೆಯ ಸಾಲಿನವರಿಗೂ ಕೇಳಿಸಿತು.

“ಅಯ್ಯೋ ಅಕ್ಕಾ, ಅದು ನಿಮ್ಮ ಶೂ ಅಲ್ವಾ? ನಿನ್ನೆ ಕೂಡ ಡ್ಯೂಟಿಗೆ ಅದನ್ನೇ ಹಾಕ್ಕೊಂಡು ಬಂದಿದ್ರಲ್ಲ! ಆ ಚುಕ್ಕೆ ನನ್ನ ಕೈಯಿಂದ ಬಿದ್ದ ಅಯೋಡಿನ್ ಅಕ್ಕಾ. ನೀವು ‘ಯಾರಿಗೂ ಕಾಣಲ್ಲ ಬಿಡು’ ಅಂದಿದ್ರಿ.”

ಎತ್ತಿದ ಎಡಗಾಲು ಎತ್ತಿದಂತೆಯೇ ಉಳಿಯಿತು.

ಎಲ್ಲರೂ ಹೆಂಡತಿಯ ಕಡೆ ತಿರುಗಿದರು. ಆಕೆ ಮೊದಲು ಅತ್ತೆಯನ್ನು ನೋಡಿದಳು. ಅತ್ತೆ ತಕ್ಷಣ ಕನ್ನಡಕ ತೆಗೆದು ಒರೆಸತೊಡಗಿದರು.

“ದಿನಾನಾ?” ಎಂದರು ಯಜಮಾನರು. ಮೈಕು ಇನ್ನೂ ಕೈಯಲ್ಲೇ ಇದ್ದುದರಿಂದ ಸಂಸಾರದ ಮಾತು ಊರಿಗೆಲ್ಲ ಕೇಳಿತು.

“ಭಾನುವಾರ ಬಿಟ್ಟು. ಭಾನುವಾರ ನೀವು ಮಂಚದ ಮೇಲೆ ಓಡಾಡ್ತಿದ್ರಲ್ಲ.” ಆಕೆ ಅಳುಕಲಿಲ್ಲ. “ಬಂದ ತಕ್ಷಣ ಸ್ಪಿರಿಟ್ ಹಾಕಿ ಒರೆಸ್ತಿದ್ದೆ. ಸುಕ್ಕು ಬೀಳದ ಹಾಗೆ ಒಳಗೆ ಬ್ಯಾಂಡೇಜ್ ಸುರುಳಿ ತುಂಬಿ ಇಡ್ತಿದ್ದೆ, ನೀವು ಬರೋ ಹೊತ್ತಿಗೆ ತೆಗೀತಿದ್ದೆ. ಕೇಳಿದೆ, ಕೊಡ್ಲಿಲ್ಲ. ಕಾಲು ನೋಯ್ತಿತ್ತು ರೀ. ಈಗ ನೋಯಲ್ಲ.”

“ನಾನೇ ತೆಗೆದುಕೊಟ್ಟೆ,” ಎಂದರು ತಾಯಿ ಅಲ್ಲಿಂದಲೇ. “ಹದ ಮಾಡಿದ್ದು ಅವಳು. ಬುಟ್ಟಿಗೆ ಹಾಕಿದ್ದು ನೀನು. ಇನ್ನೇನು ತಕರಾರು?”

ಯಜಮಾನರು ಇಂಗು ತಿಂದ ಮಂಗನ ಮುಖ ಮಾಡಿ ನಿಂತರು. ಕೂದಲೆಳೆಯಷ್ಟು ಗೀರನ್ನು ಲೆನ್ಸಿನ ಮೇಲೆ ಹಿಡಿಯುವ ಕಣ್ಣು. ಮನೆಯಲ್ಲಿ ಬೆಳಗಿನ “ಅಮ್ಮಾ” ನಿಂತದ್ದು ಅವರಿಗೆ ಈಗ ಹೊಳೆಯಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಂತೋಷವೂ ಬಂತು, ಯಾಕೆಂದರೆ ನಡೆದು ಬರುತ್ತಿದ್ದ ಹೆಂಡತಿ ನಿಜಕ್ಕೂ ಕುಂಟುತ್ತಿರಲಿಲ್ಲ.

ಅಷ್ಟರಲ್ಲಿ ಸಂಘಟಕರು ಮೈಕನ್ನು ಕಿತ್ತುಕೊಂಡು ಮನೆಯವರಿಗಾಗಿ ಇಟ್ಟಿದ್ದ ಸ್ಪರ್ಧೆಯನ್ನು ಸಾರಿದರು. ಗೆರೆಯ ಹಿಂದೆ ನಿಂತು ಚೆಂಡನ್ನು ಬುಟ್ಟಿಗೆ ಹಾಕಬೇಕು, ಕೊನೆಯವರೆಗೂ ತಪ್ಪದವರಿಗೆ ಬಹುಮಾನದ ಕಪ್ಪು.

ಹೆಂಡತಿ ಕಾಲಲ್ಲಿದ್ದ ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟಳು. ಕೈ ಸೊಂಟದ ಮೇಲಿಟ್ಟಳು. ಇಡೀ ಆಸ್ಪತ್ರೆಯನ್ನು ನೆಟ್ಟಗೆ ನಿಲ್ಲಿಸುವ ದನಿಯಲ್ಲಿ, “ರೀ, ಶೂ ಬಿಚ್ಚಿ,” ಎಂದಳು.

ಯಜಮಾನರು ಬಿಚ್ಚಿದರು. ಬಿಚ್ಚಿದ್ದಲ್ಲದೆ ಮೊಣಕಾಲೂರಿ ಕೂತು, ಗಂಟು ಜಾರದಂತೆ ಆಕೆಯ ಕಾಲಿಗೆ ತಾವೇ ಲೇಸು ಕಟ್ಟಿದರು. ಆಕೆ ಗೆರೆಯ ಹಿಂದೆ ನಿಂತಳು.

“ಮೊಣಕೈ ಎದೆಯ ಮಟ್ಟಕ್ಕೆ!” ಎಂದರು ಯಜಮಾನರು, ತಡೆಯಲಾಗದೆ. “ಮಣಿಕಟ್ಟು...”

ಚೆಂಡು ಆಗಲೇ ಬಿದ್ದಾಗಿತ್ತು. ಕಾಲುಚೀಲದ ಉಂಡೆ ಎಸೆದಂತೆ ಎಸೆದಳು, ಬಿತ್ತು. ಮತ್ತೆ ಎಸೆದಳು, ಬಿತ್ತು. ವಕೀಲರ ಹೆಂಡತಿ ತಪ್ಪಿದಳು, ಪ್ರೊಫೆಸರೊಬ್ಬರ ಮಗ ತಪ್ಪಿದ, ಯಾರದೋ ಅಳಿಯ ಚೆಂಡನ್ನು ಗೋಡೆಯಾಚೆಗೇ ಕಳಿಸಿದ. ಕೊನೆಗೆ ಆಕೆಯೊಬ್ಬಳೇ ಉಳಿದಳು. ಜನ ಇನ್ನೂ ಒಂದು, ಇನ್ನೂ ಒಂದು ಎಂದು ಕೂಗಿದರು. ಆಕೆ ಬುಟ್ಟಿಗೆ ಬೆನ್ನು ತಿರುಗಿಸಿ ನಿಂತು, ಮನೆಯಲ್ಲಿ ಮಾಡುವಂತೆ, ನೋಡದೆಯೇ ಹಿಂದಕ್ಕೆ ಎಸೆದಳು. ಅದೂ ಬಿತ್ತು! ಅಂಗಳ ಎದ್ದು ಕುಣಿಯಿತು. ಕ್ಯಾಪ್ಟನ್ ಪಟ್ಟಿ ಸುತ್ತಿದ ಕಾಲಲ್ಲೇ ಎದ್ದು ನಿಂತು, ಮುಂದಿನ ವರ್ಷ ತಂಡಕ್ಕೆ ಇವರೇ ಬೇಕು ಎಂದು ಘೋಷಿಸಿದ. ಎಲ್ಲರಿಗಿಂತ ಜೋರಾಗಿ ಕಿರುಚಿದವರು ನಮ್ಮ ಯಜಮಾನರು. “ನನ್ನ ಹೆಂಡತಿ! ನನ್ನ ಹೆಂಡತಿ ಕಣ್ರೋ!” ಎಂದು ಸಿಕ್ಕಸಿಕ್ಕವರ ಹೆಗಲು ಹಿಡಿದು ಅಲುಗಿಸುತ್ತಿದ್ದರು.

ಕಪ್ಪು ಈಗ ಗಾಜಿನ ಕಪಾಟಿನ ನಡುವಿನ ಅರೆಯಲ್ಲಿದೆ, ಲೆನ್ಸ್ ಬಟ್ಟೆಯ ಮೇಲೆ. ಶೂ ಬಾಗಿಲ ಹಿಂದೆ ಇದೆ, ಮುಂಭಾಗದಲ್ಲಿ ಸುಕ್ಕು ಬಿದ್ದು, ಕಾಲಿಗೆ ಹಾಕಿಕೊಳ್ಳುವ ಶೂವಿನಂತೆ. ಭಾನುವಾರ ಯಜಮಾನರಿಗೆ ಸಿಗುತ್ತದೆ, ಆಕೆ ಅಭ್ಯಾಸಕ್ಕೆ ಹೋಗದಿದ್ದರೆ.

ಆದರೆ ಅಂದಿನ ಒಂದು ಗಳಿಗೆಯನ್ನು ಹೇಳದೆ ಮುಗಿಸಲಾರೆ. ಕಪ್ಪು ಎತ್ತಿಕೊಂಡ ಹೆಂಡತಿಯನ್ನು ಜನ ಸುತ್ತುವರಿದಿದ್ದರು. ಬೆವರು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು. ಆಕೆ ಯಾರೊಡನೆಯೋ ಮಾತಾಡುತ್ತಲೇ, ತಿರುಗಿ ನೋಡದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿದಳು. ಅಲ್ಲಿ, ಸರಿಯಾದ ಜಾಗದಲ್ಲಿ, ಬರಿಗಾಲಲ್ಲಿ, ಬೆಂಚಿನ ಮೇಲಿಂದ ತಂದು ನೀಟಾಗಿ ಮಡಿಸಿದ ಟವೆಲ್ಲನ್ನು ಹಿಡಿದುಕೊಂಡು ಯಜಮಾನರು ಸಿದ್ಧವಾಗಿ ನಿಂತಿದ್ದರು. ಯಾರೂ ಕರೆದಿರಲಿಲ್ಲ.